ಔಷಧದಂಗಡಿಯ ಉಪ್ಪು

ಉಪ್ಪು ಬೆಳೆಯುವವರ ಮನೆ ನಮ್ಮದು.
ಗೆರಾಂಡಿನ ಉಪ್ಪಳದಲ್ಲಿ ಅಪ್ಪನದು ಅರವತ್ತೆರಡು ಮಡಿ,
ಒಂದೊಂದಕ್ಕೂ ಇಲ್ಲಿನವರು ‘ಪುಟ್ಟ ಕಣ್ಣು’ ಅನ್ನುತ್ತಾರೆ.
ಆದರೂ ತಿಂಗಳಿಗೊಮ್ಮೆ ನಾನು
ಔಷಧದಂಗಡಿಯಲ್ಲಿ ದುಡ್ಡು ಕೊಟ್ಟು ಉಪ್ಪು ತರುತ್ತೇನೆ.
ನಕ್ಕುಬಿಡಿ, ಅಂಗಡಿಯವಳೂ ನಗುತ್ತಾಳೆ.

‘ನಿಮ್ಮ ಉಪ್ಪಿನಲ್ಲಿ ಜೇಡಿಯಿದೆ,
ಮೀನಿನ ಸಾರಿಗೆ ಸರಿ, ಮೂಗಿಗೆ ಸಲ್ಲದು’
ಎಂದವರು ಡಾಕ್ಟರ್ ಕೆರ್ವೆಲ್ಲಾ.
ಅಪ್ಪ ಮೂರು ದಿನ ಅವರ ಹೆಸರೆತ್ತಲಿಲ್ಲ.

ಬೆಳಿಗ್ಗೆ ಆರಕ್ಕೆ
ಕುದಿಸಿ ಆರಿಸಿದ ನೀರು, ಒಂದು ಪೊಟ್ಟಣ,
ಬಚ್ಚಲ ತೊಟ್ಟಿಯ ಮೇಲೆ ಓರೆಯಾದ ತಲೆ.
ಈ ಹೊಳ್ಳೆಯಲ್ಲಿ ಹೋದದ್ದು ಆ ಹೊಳ್ಳೆಯಲ್ಲಿ ಬರಬೇಕು.
ಬಂದರೆ ಹಬ್ಬ.
ಬಾರದ ದಿನ ಗಂಟಲಿಗಿಳಿಯುತ್ತದೆ.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ,
ನಾನು ಎರಡನ್ನೂ ಒಟ್ಟಿಗೇ ಕುಡಿದವಳು.

ಎಳೆಗೂಸಿನ ಬೆವರಲ್ಲಿ ಉಪ್ಪು ಹೆಚ್ಚೆಂದು
ಪ್ರಯೋಗಾಲಯದವರು ಬರೆದು ಕಳಿಸಿದಾಗ
‘ನಮ್ಮ ಮನೆತನವೇ ಹಾಗೆ’ ಅಂದನಂತೆ ಅಪ್ಪ.
ಯಾರೂ ನಗಲಿಲ್ಲವಂತೆ.

ಸಿಸ್ಟಿಕ್ ಫೈಬ್ರೋಸಿಸ್ ಎಂದರೆ ಸಾಕು
ಎಲ್ಲರೂ ಎದೆಗೇ ಕಿವಿಗೊಡುತ್ತಾರೆ.
ಮೂಗಿನ ಮಾತು ಕೇಳಿದವರು ಕೆರ್ವೆಲ್ಲಾ ಒಬ್ಬರೇ.
ಬೇರೆಯವರ ವಿಷಯದಲ್ಲಿ ಮೂಗು ತೂರಿಸುವವರು ಊರ ತುಂಬ ಇದ್ದಾರೆ;
ಇವರು ಬೇರೆಯವರ ಮೂಗಿಗೆ
ಕೊಳವೆಯ ತುದಿಯ ಕಣ್ಣು ತೂರಿಸುವವರು.
ಪರದೆಯ ಮೇಲೆ ನನ್ನದೇ ಗವಿ, ಒದ್ದೆ, ನಸುಗೆಂಪು,
ಸಿಪ್ಪೆ ಸುಲಿದ ದ್ರಾಕ್ಷಿಯಂಥ ದುರ್ಮಾಂಸ.
ಏಳಕ್ಕೊಮ್ಮೆ ಕತ್ತರಿಸಿದರು. ಹನ್ನೆರಡಕ್ಕೆ.
ಹತ್ತೊಂಬತ್ತಕ್ಕೆ.
ಕಳೆ ಕಿತ್ತವರಿಗೆ ಗೊತ್ತು, ಬೇರು ಎಲ್ಲಿರುತ್ತದೆಂದು.

ಹೊಸ ಉಪ್ಪಿನ ಹೂವಿಗೆ ವಯೊಲೆಟ್ಟಿನ ಕಂಪಂತೆ.
ಆಗಸ್ಟಿನ ಸಂಜೆ ಅಪ್ಪ ಅಂಗೈಯಲ್ಲಿ ಹಿಡಿದು ತರುವನು,
ಬೇರೇನೂ ಹೇಳನು, ಮುಖ ನೋಡುವನು.
‘ಹೌದು, ಹೌದು’ ಅನ್ನುವೆ.
ಇಪ್ಪತ್ತು ಆಗಸ್ಟ್ ಹೀಗೆ ಸುಳ್ಳಾಡಿದ್ದೇನೆ.

ನಾಂಟ್ ಆಸ್ಪತ್ರೆಯ ಕಿವಿಕೋಣೆಯಲ್ಲೂ ಅದೇ ಚಾಳಿ.
ಸದ್ದು ಕೇಳಿದರೆ ಗುಂಡಿ ಒತ್ತಬೇಕು;
ನಾನು ಹೊತ್ತು ಲೆಕ್ಕ ಹಾಕಿ ಒತ್ತುತ್ತ ಹೋದೆ.
ಗಾಜಿನಾಚೆಯಿಂದ ಮಾದಾಮ್ ರಿಯೂ ಎದ್ದು ಬಂದು
ಹೆಡ್‌ಫೋನ್ ಮೆಲ್ಲಗೆ ತೆಗೆದರು:
‘ಅಜೆನೋರ್, ಈಗ ನಾನು ಯಾವ ಸದ್ದೂ ಕಳಿಸಿರಲಿಲ್ಲ.’

ಎದೆಯ ಸೋಂಕಿಗೆಂದು ನಾಳಕ್ಕೆ ಬಿಟ್ಟ ಔಷಧ
ಎದೆ ಉಳಿಸಿತು,
ಕಿವಿಯ ಮೇಲುಮಹಡಿಯ ದೀಪಗಳನ್ನು
ಒಂದೊಂದಾಗಿ ಆರಿಸಿ ಹೋಯಿತು.
ಬದುವಿನ ಪೊದೆಯ ಮೇಲೆ ನೀಲಿಗಂಟಲ ಹಕ್ಕಿ
ಕೊಕ್ಕು ತೆರೆಯುತ್ತದೆ, ಗಂಟಲು ಕುಣಿಯುತ್ತದೆ,
ಹಾಡು ಮಾತ್ರ ನನ್ನವರೆಗೆ ಬರುವುದಿಲ್ಲ.
ಪ್ರವಾಸಿಗರು ಕೇಳಿದರೆ
‘ಚೆನ್ನಾಗಿ ಹಾಡುತ್ತದೆ’ ಅನ್ನುತ್ತೇನೆ, ನೆನಪಿನಿಂದ.

ಆಮೇಲೆ ಹೊಸ ಮಾತ್ರೆ ಬಂತು,
ಬೆಳಿಗ್ಗೆ ಎರಡು, ರಾತ್ರಿ ಒಂದು.
ಲೋಳೆ ತೆಳುವಾಯಿತು. ದ್ರಾಕ್ಷಿ ಬತ್ತಿತು.
ಕೆರ್ವೆಲ್ಲಾ ಪರದೆಯನ್ನು ಬಹಳ ಹೊತ್ತು ನೋಡಿ
‘ಕತ್ತರಿ ಬೇಡ, ತೊಳೆಯುವುದು ಬಿಡಬೇಡ’ ಅಂದರು.
(ಪಕ್ಕದ ಕೋಣೆಯ ಜುದಿಕೆಲ್‌ನ ಜೀನಿಗೆ
ಈ ಮಾತ್ರೆ ನಾಟುವುದಿಲ್ಲ.
ಅವನಿಗಿನ್ನೂ ಹಳೆಯ ಕತ್ತರಿಯೇ.
ಇದನ್ನು ಬರೆಯದಿದ್ದರೆ ಇದೂ
ಒಂದು ವಯೊಲೆಟ್ ಆದೀತು.)

ನವೆಂಬರು. ಉಪ್ಪಿನ ಹೂವಿನ ಕಾಲ ಮುಗಿದಿತ್ತು.
ಮಡಿಯ ಕೆಸರು ತೋಡಿ ಅಪ್ಪ ಹಿತ್ತಿಲ ಬಾಗಿಲಲ್ಲಿ
ಬೂಟು ಕಳಚುತ್ತಿದ್ದ.
ನಾನು ಒಲೆಯ ಮುಂದೆ.
ಕೊಳೆತ ಪಾಚಿ, ಮೊಟ್ಟೆ, ಒದ್ದೆ ಉಣ್ಣೆ, ಕಾಲು,
ಎಲ್ಲ ಒಟ್ಟಿಗೆ ಮೂಗಿಗೆ ಬಡಿದು
‘ಥೂ! ಏನಿದು ನಾತ!’ ಅಂದುಬಿಟ್ಟೆ.

ಒಂದು ಬೂಟು ಕೈಯಲ್ಲಿ, ಇನ್ನೊಂದು ಕಾಲಲ್ಲಿ,
ಹಾಗೇ ನಿಂತ ಅಪ್ಪ.
ಅವನದು ದಪ್ಪ ದನಿ,
ಕೆಳಮಹಡಿಯದು, ನನಗಿನ್ನೂ ಕೇಳುವಂಥದು:

‘ಇನ್ನೊಮ್ಮೆ ಹೇಳು.’