ಕಂಬದ ಹಿಂದಿನ ಸೀಟು

ಬ್ರಿಸ್ಟಲ್ಲಿನ ಹಳೇ ಬಂದರಿನ ಹಿಂದೆ
ಕಲ್ಲು ಹಾಸಿದ ಬೀದಿ, ಮರದ ಮೈಯ ನಾಟಕಶಾಲೆ.
ಮೂರನೆಯ ಮಾಳಿಗೆಯ ಟಿಕೆಟ್ಟು ಅಗ್ಗ;
ನೋಟಕ್ಕೆ ಕಂಬ ಅಡ್ಡ ಎಂದು
ಮೊದಲೇ ಅಚ್ಚು ಹಾಕಿ ಒಪ್ಪಿಕೊಂಡಿದ್ದಾರೆ.
ಈ ಎತ್ತರದ ಸಾಲುಗಳಿಗೆ ಇವರು ‘ದೇವರು’ ಅಂತಾರೆ,
ನಮ್ಮ ಟಾಕೀಸಿನಲ್ಲಿ ಗಾಂಧಿ ಕ್ಲಾಸು ಅಂದ ಹಾಗೆ.
ಅಗ್ಗದ ಜಾಗಕ್ಕೆ ದೊಡ್ಡ ಹೆಸರಿಡುವ ಬುದ್ಧಿ
ಎಲ್ಲ ಊರಿಗೂ ಒಂದೇ.

ಅರವತ್ತೆಂಟು ಮೆಟ್ಟಿಲು. ನೀಲಗಂಗವ್ವ ಚಿಗವ್ವ
ಎಣಿಸಿಕೊಂಡೇ ಹತ್ತಿದಳು, ನಡುವೆ ಎರಡು ಸಲ
ಗೋಡೆಯ ಮೇಲಿನ ಸತ್ತ ನಟರ ಚಿತ್ರ
ನೋಡುವ ನೆಪದಲ್ಲಿ ಉಸಿರು ತಗೊಂಡಳು.
ಇಳಕಲ್ ಸೀರೆಯ ಮೇಲೆ ನನ್ನ ಗಂಡನ ಕೋಟು.
ಬಾಗಿಲಲ್ಲಿ ಟಾರ್ಚು ಹಿಡಿದ ಗ್ಲೆನಿಸ್
ಸೆರಗಿನ ತುದಿ ಮುಟ್ಟಿ ಏನೋ ಅಂದಳು.
“ಏನಂದ್ಲು?” “ಚೆಂದ ಐತಿ ಅಂದ್ಲು.”
“ರೇಟು ಕೇಳಿರಬೇಕು, ನೀ ಮುಚ್ಚಿಡಾಕತ್ತಿ.”

ದೀಪ ಆರಿತು. ನಾನು ಅವಳ ಕಿವಿಯಲ್ಲಿ
ಪಿಸುಗುಡುತ್ತ ಹೋದೆ: ಇವನು ಅಣ್ಣ, ಇವನು ತಮ್ಮ,
ಅದು ಹಡಗಿನ ಸಾಲದ ಪತ್ರ...
“ಸುಮ್ನಿರು. ದೊಡ್ಡಾಂವ ಸುಳ್ಳ ಹೇಳಾಕತ್ತಾನ,
ಕೈ ನೋಡು, ಹೆಂಗ ಬಗಲಾಗ ಅಡಗಸ್ತಾನ.”
ನನಗೆ ಅದು ತಿಳಿದದ್ದು ಎರಡನೆಯ ಅಂಕದಲ್ಲಿ.
ನರಗುಂದದ ಶಾಲೆಯಲ್ಲಿ ಒಂದೇ ಒಂದು ಸಲ
ಪರದೆಯ ಹಗ್ಗ ಎಳೆದಿದ್ದಳಂತೆ, ಅಷ್ಟೇ.
ಹಗ್ಗ ಹಿಡಿದವರಿಗೆ ಎಲ್ಲಾ ಗೊತ್ತಿರ್ತೈತಿ, ಅಂದಳು.

ಮಧ್ಯಂತರದಲ್ಲಿ ಐಸ್ ಕ್ರೀಮಿನ ಪುಟ್ಟ ಡಬ್ಬಿ,
ಮುಚ್ಚಳದೊಳಗೇ ಚಮಚ. ಅದನ್ನು ಒಯ್ಯಬಹುದೇ
ಎಂದು ನನ್ನಿಂದ ಕೇಳಿಸಿದಳು.
ಗ್ಲೆನಿಸ್ ಇನ್ನೂ ನಾಲ್ಕು ತಂದುಕೊಟ್ಟಳು.

ನನ್ನ ಪಾಲಿಗೆ ಬಂದದ್ದು ಅರ್ಧ ರಂಗ:
ಒಂದು ಕುರ್ಚಿ, ಕಿಟಕಿಯ ಚೂರು, ಯಾರದೋ ತೋಳು.
ಕಂಬದ ಬಣ್ಣದ ಕೆಳಗೆ ಇನ್ನೊಂದು ಬಣ್ಣ,
ಅದರ ಕೆಳಗೆ ಮತ್ತೊಂದು; ಯಾರೋ ಉಗುರಿನಲ್ಲಿ
ಕೆರೆಯುತ್ತ ಇನ್ನೂರು ವರ್ಷ ಹಿಂದಕ್ಕೆ ಹೋಗಿ
ಬೇಸತ್ತು ಬಿಟ್ಟಿದ್ದಾರೆ.
ಚಿಗವ್ವನ ಸೀಟಿಗೆ ಮಾತ್ರ, ಓರೆಯಾಗಿ,
ಪರದೆಯ ಪಕ್ಕದ ಸಂದಿ ಪೂರ್ತಿ ಕಾಣುತ್ತಿತ್ತು.

ತಮ್ಮ ಸತ್ತ. ಹೊತ್ತುಕೊಂಡು ಹೋದರು.
ಗುಡುಗಿತು. ರಂಗದಲ್ಲಲ್ಲ,
ನಮ್ಮ ನೆತ್ತಿಯ ಮೇಲೆ, ಅಟ್ಟದ ಮರದ ದೋಣಿಯಲ್ಲಿ
ಕಬ್ಬಿಣದ ಗುಂಡುಗಳು ಉರುಳಿ ಉರುಳಿ
ಬೆಂಚು ನಡುಗಿ, ನನ್ನ ಹಲ್ಲಿನೊಳಗೆ ಸದ್ದು.
ಹಳೇ ಉಪಾಯ. ಕೆಳಗಿನ ದುಬಾರಿ ಸೀಟಿನವರಿಗೆ
ಇಷ್ಟು ಹತ್ತಿರ ಸಿಕ್ಕಿರಲಾರದು.
ನನ್ನ ಕಣ್ಣು ತುಂಬಿತ್ತು. ಅವಳು ಮೊಣಕೈಯಿಂದ ತಿವಿದಳು:
“ಸತ್ತಾಂವ ಅಲ್ಲೆ ಚಾ ಕುಡಿಯಾಕತ್ತಾನ.”

ಅವಳ ಮಡಿಲ ಮೇಲೆ ವಾಲಿ ನೋಡಿದೆ.
ಹೌದು. ಎದೆಯ ತುಂಬ ಕೆಂಪು, ಕೈಯಲ್ಲಿ ಮಗ್ಗು,
ಒಂದು ಬೂಟು ಬಿಚ್ಚಿ, ಗೋಡೆಗೆ ಒರಗಿ,
ಬೆಳಕಿನಲ್ಲಿ ಅಳುತ್ತಿದ್ದ ತಾಯಿಯ ಮಾತುಗಳನ್ನು
ಅವಳ ಜೊತೆಜೊತೆಗೇ ತುಟಿಯಲ್ಲಿ ಆಡುತ್ತಿದ್ದ,
ಒಂದಕ್ಷರ ತಪ್ಪದೆ.

ಹೊರಗೆ ಮಳೆ, ಸದ್ದೇ ಇಲ್ಲದ್ದು,
ಬೀದಿಯ ಕಲ್ಲಿಗೆ ಎಣ್ಣೆ ಸವರಿದಂಥದ್ದು.
ಬಸ್ಸಿಗೆ ಇನ್ನೂ ಹನ್ನೊಂದು ನಿಮಿಷ.
ಅವಳು ಕೋಟಿನ ಜೇಬಿನಿಂದ ಹರಿದ ಟಿಕೆಟ್ಟು ತೆಗೆದು
ನಾಲ್ಕು ಮಡಿಕೆ ಮಾಡಿ ಸೊಂಟದ ಚೀಲಕ್ಕೆ ಸೇರಿಸಿದಳು.
“ನಿಮ್ಮ ಕಾಕಾನೂ,” ಅಂದಳು ಬಹಳ ಹೊತ್ತಿನ ಮೇಲೆ,
ಬಸ್ಸು ಬರುವ ದಿಕ್ಕು ನೋಡುತ್ತ,
“ಹಿಂಗ ಎಲ್ಲೋ ಬಾಜೂಕ ನಿಂತಿರಬೇಕು.
ಸಕ್ರಿ ಎರಡು ಚಮಚಾ ಹಾಕ್ಕೊಂಡಿರ್ತಾನ.
ಕೇಳಾವ್ರು ಯಾರದಾರ ಅಲ್ಲೆ.”