ನಾಲ್ಕು ಬೆರಳು ನೀರು

ಶನಿವಾರದ ಸಂತೆಯಿಂದ ವೀಬೆ ಟ್ಯುಲಿಪ್ ತಂದ,
ಕಾಗದದಲ್ಲಿ ಸುತ್ತಿದ ಎರಡು ಕಟ್ಟು.
ಬೂಟು ಕೂಡ ಬಿಚ್ಚದೆ
ನೇರ ಹಿಸ್ಕೆಯ ಕುರ್ಚಿಗೆ ನಡೆದು
ಅವಳ ಕಿವಿಯ ಹತ್ತಿರ ದಂಟಿಗೆ ದಂಟು ಉಜ್ಜಿದ.
ಕಿರ್ ಎಂದವು.
ಕಿರ್ ಎಂದರೆ ಇಂದು ಬೆಳಗ್ಗೆ ಕೊಯ್ದದ್ದು,
ಸುಮ್ಮನಿದ್ದರೆ ನಿನ್ನೆ ಮೊನ್ನೆಯದು:
ಅವಳೇ ಹೇಳಿಕೊಟ್ಟದ್ದು, ಮಾತಿದ್ದಾಗ.

ಈಗ ಅವಳಲ್ಲಿ ಉಳಿದಿರುವುದು ಒಂದೇ ಪದ.
ನವೆಂಬರಿನ ಒಂದು ರಾತ್ರಿ ತಲೆಯೊಳಗೆ ಯಾವುದೋ ನರ ಒಡೆದು
ಬಲಗೈ ಹೋಯಿತು. ತಿಂಗಳುಗಳು, ಮಗ್ಗಿ, ಓಣಿಯ ಹೆಸರು,
ಗಂಡನ ಹೆಸರು, ಎಲ್ಲ ಮುಳುಗಿ
‘ನೇ’ ಒಂದು ದಡಕ್ಕೆ ಬಂದು ಬಿತ್ತು.
ಅವರ ಮಾತಿನಲ್ಲಿ ನೇ ಎಂದರೆ ಬೇಡ, ಅಲ್ಲ, ಕೂಡದು.
ನಮ್ಮಲ್ಲಾದರೆ ಅದು ಬರಿಯ ಬಾಲ –
ನಾನೇ, ನೀನೇ, ಇವನೇ –
ಬೆರಳಿಟ್ಟು ತೋರಿಸುವುದಕ್ಕೆ.

ಮೂವತ್ತೊಂದು ವರ್ಷ ಹಾರ್ಲಿಂಗೆನ್ನಿನ ಕಾಲುವೆಯಲ್ಲಿ
ಹಡಗು ದಾಟಿಸುವ ನೀರ್ಬಾಗಿಲು ಕಾದವನು ವೀಬೆ.
ಸಮುದ್ರ ಎಷ್ಟು, ಊರು ಎಷ್ಟು, ನಡುವೆ ಎಷ್ಟು ಗೇಣು
ಎಂದು ನಿದ್ದೆಯಲ್ಲೂ ಹೇಳಬಲ್ಲ.
ಹೂದಾನಿಗೆ ಮಾತ್ರ ಕತ್ತಿನ ತನಕ ನೀರು ಹುಯ್ದ.

ನೇ.

ಚೆಲ್ಲಿದ. ಅರ್ಧಕ್ಕೆ ತಂದ.

ನೇ. ಎಡಗೈ ಮೇಲೆದ್ದಿತು, ಹೆಬ್ಬೆರಳು ಮಡಚಿ.
ಓ, ನಾಲ್ಕು. ನಾಲ್ಕು ಬೆರಳು ನೀರು.
ತಣ್ಣೀರು. ಕತ್ತರಿಯಲ್ಲ, ಚಾಕು:
ಕತ್ತರಿ ದಂಟನ್ನು ಹಿಸುಕಿ ಬಾಯಿ ಮುಚ್ಚಿಸುತ್ತದೆ.
ಬುಡದ ಬಿಳಿಯಷ್ಟನ್ನು ಓರೆಯಾಗಿ ತೆಗೆ,
ನೀರಿಗೆ ತಾಗುವ ಎಲೆ ಕೀಳು.
ಇಷ್ಟಕ್ಕೂ ಹನ್ನೊಂದು ನೇ ಹಿಡಿಯಿತು.
ಯಾವ ನೇ ಯಾವುದಕ್ಕೆಂದು ಅವನು ಅವಳ ಹುಬ್ಬನ್ನು
ಉಬ್ಬರವಿಳಿತದ ಪಟ್ಟಿ ಓದುವಂತೆ ಓದಿದ.

ಭಾನುವಾರ ಪಕ್ಕದ ಮನೆಯ ಆಫ್ಕೆ ಬಂದು
ತನ್ನಂಗಳದ ನಾಲ್ಕು ಡ್ಯಾಫೋಡಿಲ್ ಅದರಲ್ಲೇ ಸಿಕ್ಕಿಸಿ,
ತಾಮ್ರದ ನಾಣ್ಯವೊಂದನ್ನು ತಳಕ್ಕೆ ಬಿಟ್ಟು,
ಕೊರಳಿಗೆ ಸೂಜಿ ಚುಚ್ಚಿದರೆ ಬಗ್ಗುವುದಿಲ್ಲ ಕಣೋ ಎಂದಳು.
ನೇ, ನೇ, ನೇ.
ಆಫ್ಕೆಗೆ ಬೇಸರವಾಯಿತು. ಕಾಫಿ ಅರ್ಧಕ್ಕೇ ಬಿಟ್ಟು ಹೋದಳು.
ಡ್ಯಾಫೋಡಿಲ್ಲಿನ ಲೋಳೆ ನೀರಿಗಿಳಿದು
ಟ್ಯುಲಿಪ್ಪಿನ ಗಂಟಲು ಕಟ್ಟುತ್ತದೆಂದು
ವೀಬೆಗೆ ನೆನಪಾದದ್ದು ಅವಳು ಗೇಟು ದಾಟಿದ ಮೇಲೆ.
ಡ್ಯಾಫೋಡಿಲ್ ಬೇರೆ ಲೋಟಕ್ಕೆ ಹೋಯಿತು.
ನಾಣ್ಯವನ್ನು ಯಾರೂ ತೆಗೆಯಲಿಲ್ಲ.

ಕೊಯ್ದ ಮೇಲೂ ಬೆಳೆಯುವ ಹೂವು ಇದು.
ಗಡ್ಡೆ ಉಳಿದದ್ದು ಯಾವ ಹೊಲದಲ್ಲೋ,
ಆದರೂ ಮಂಗಳವಾರಕ್ಕೆ ಎರಡು ಬೆರಳು ಉದ್ದವಾಗಿ
ಹೂದಾನಿಯ ಅಂಚಿಗೆ ಮೊಣಕೈ ಊರಿ
ಬಂದರಿನ ಕಡೆಯ ಕಿಟಕಿಗೆ ಎಲ್ಲವೂ ಕತ್ತು ಚಾಚಿದವು.
ವೀಬೆ ಹೂದಾನಿಯನ್ನು ತಿರುಗಿಸಿಟ್ಟ.
ಮರುದಿನಕ್ಕೆ ಅವೂ ತಿರುಗಿದವು.
ಗುರುವಾರ ಮಾತು ಕಲಿಸುವ ಹುಡುಗಿ
ಚಮಚ, ಬಟ್ಟಲು, ಬೆಕ್ಕಿನ ಚಿತ್ರ ತೋರಿಸಿದಳು.
ಚಮಚ: ನೇ. ಬಟ್ಟಲು: ನೇ.
ಬೆಕ್ಕಿಗೆ ಹಿಸ್ಕೆ ಬಹಳ ಹೊತ್ತು ಬಾಯಿ ತೆರೆದೇ ಇದ್ದಳು.

ಒಂಬತ್ತನೆಯ ದಿನ ಹೂಗಳು ಅಂಗಾತವಾದವು,
ಒಳಗಿನ ಕಪ್ಪು ಪೂರ್ತಿ ಕಾಣುವಷ್ಟು.
ಮೇಜಿನ ಮೇಲೆ ಕಾಡಿಗೆಯಂಥ ಪುಡಿ,
ಅವಳ ಮಾತ್ರೆಯ ಡಬ್ಬಿಯ ಮೇಲೆ ಒಂದು ಎಸಳು.
ವೀಬೆ ಎದ್ದ, ಎರಡೂ ಕೈಯಲ್ಲಿ ಬಾಚಿಕೊಂಡು
ಕಸದ ಬುಟ್ಟಿಯ ಮುಚ್ಚಳ ಕಾಲಲ್ಲಿ ಒತ್ತಿದ.

ನೇ.

ಈ ಸಲ ಹುಬ್ಬು ಏರಲಿಲ್ಲ, ಇಳಿಯಲೂ ಇಲ್ಲ.
ಅವನ ಪಟ್ಟಿಯಲ್ಲಿ ಇದು ಇರಲಿಲ್ಲ.
ಕಾಲು ತೆಗೆದ. ಮುಚ್ಚಳ ತಾನಾಗಿ ಬಿತ್ತು.
ಹಳೆ ನೀರು ಚೆಲ್ಲಿ, ನಲ್ಲಿಯ ಕೆಳಗೆ ಹೂದಾನಿ ಹಿಡಿದು
ಹೊರಗಿನಿಂದ ಕೈ ಅಡ್ಡವಿಟ್ಟು ಅಳೆದ,
ತನ್ನವೇ ನಾಲ್ಕು ಬೆರಳು;
ತಳದಲ್ಲಿ ಆಫ್ಕೆಯ ನಾಣ್ಯ ಕುಲುಕಿತು.