ಸೋರಿಕೆ

ತೊಂಬತ್ತೆಂಟರ ಸುಮೋ. ಬೈತಖೋಲದ ಮೀನು ಕಂತ್ರಾಟುದಾರ
ಗಜಾನನ ತಾಂಡೇಲ ಕೀಲಿ ಕೊಡುವಾಗ ಹೇಳಿದ:
"ವಾಸನೆ ಹೋಗೂದಿಲ್ಲ ಅಕ್ಕಾ, ಅದೊಂದು ಬಿಟ್ಟರೆ ಎಲ್ಲ ಸರಿ ಅದೆ."
ವಾಸನೆ ಹದಿನೈದು ದಿನಕ್ಕೆ ಹೋಯಿತು.
ಉಳಿದದ್ದೇ ಸರಿ ಇರಲಿಲ್ಲ.

ನಡುಸೀಟು ಕಳಚಿ ಹಿತ್ತಲಿಗೆ ಹಾಕಿದೆವು. ಅದರಲ್ಲೀಗ
ಮಂದಾಕಿನಿಯ ಬೆಕ್ಕು ಮರಿ ಹಾಕಿದೆ.
ಸೀಟಿದ್ದ ಕಡೆ ಒಡೆದ ದೋಣಿಯ ಹಲಗೆ,
ಎಷ್ಟು ಉಜ್ಜಿದರೂ ಒಂದು ಬದಿಯ ನೀಲಿ ಬಿಡಲೊಲ್ಲದು.
ಉದ್ದ ಐದಡಿ ಎಂಟಿಂಚು. ನಾನು ಐದೂ ಎರಡು,
ಅವಳು ನನಗಿಂತ ಒಂದು ಬೆರಳು ಕಮ್ಮಿ.
ಮಿಕ್ಕ ಜಾಗದಲ್ಲಿ ಒಲೆ, ಅಕ್ಕಿ, ಒಣಸಿಗಡಿ,
ಅವಳ ಬಿಪಿ ಗುಳಿಗೆ.

ಪರದೆ ನನ್ನ ಪಾಲಿನ ಕೆಲಸ.
ಮೂವತ್ತು ವರ್ಷ ಶಾಲೆಯ ಯೂನಿಫಾರ್ಮು ಹೊಲಿದವಳಿಗೆ
ಕಡುನೀಲಿ ತುಂಡುಗಳಿಗೇನು ಬರ?
ಅಳತೆ ತೆಗೆವಾಗ ಗೊತ್ತಾಯಿತು,
ಎಡಗಿಟಕಿ ಬಲದ್ದಕ್ಕಿಂತ ಅರ್ಧ ಇಂಚು ಗಿಡ್ಡ.
ಎಲ್ಲೋ ಒಮ್ಮೆ ಪಲ್ಟಿಯಾದ ಗಾಡಿ.
ತಾಂಡೇಲನನ್ನು ಕೇಳಲಿಲ್ಲ.
ಒಂದು ಭುಜ ತಗ್ಗಿದ ಮಕ್ಕಳಿಗೂ ಹೊಲಿದಿದ್ದೇನೆ,
ಯಾರಿಗೂ ಹೇಳದೆ, ಒಳಗಿಂದ ಒಂದು ಪಟ್ಟಿ ಇಟ್ಟು.

ಮೊದಲ ರಾತ್ರಿ ಮಾಜಾಳಿಯಲ್ಲಿ, ಗಾಳಿಮರಗಳ ಕೆಳಗೆ.
ಎರಡನೆಯದೂ ಅಲ್ಲೇ.
ಮೂರನೆಯ ಬೆಳಿಗ್ಗೆ ಕೀಲಿ ತಿರುವಿದರೆ
ಟಕ್.
ನಾಲಗೆ ಅಂಗುಳಕ್ಕೆ ಹಚ್ಚಿ
ಇಲ್ಲ ಎನ್ನುತ್ತಾರಲ್ಲ, ಹಾಗೆ.
ಬಲೆ ಎಳೆದು ಮುಗಿಸಿದ ಹನ್ನೆರಡು ಜನ ಬಂದು
ಬಲೆಗೆ ಹಾಕುವ ಕೂಗಿನಲ್ಲೇ ದೂಡಿದರು.
ಒಬ್ಬ ಹುಡುಗ ಕೇಳಿದ, "ಮಲಗೂಕೆ ಮನೆ ಇಲ್ಲಾ ನಿಮಗೆ?"
"ಮನೆ ಅದೆ ಮಗಾ," ಅಂದಳು ಮಂದಾಕಿನಿ,
"ಅದು ಎಲ್ಲೂ ಹೋಗೂದಿಲ್ಲ, ಅದೇ ತೊಂದರೆ."

ಕೋಡಿಬಾಗದ ಇನಾಸ್ ಮೇಸ್ತ್ರಿ
ಹೊಸ ಬ್ಯಾಟರಿ ಹಾಕಿ ಎನ್ನಲಿಲ್ಲ. ಅದೇ ಅವನ ದೊಡ್ಡತನ.
ಅರ್ಥಿಂಗ್ ಪಟ್ಟಿ ಬಿಚ್ಚಿದ: ಉಪ್ಪುಗಾಳಿ ತಿಂದು ಹಸಿರು ಪುಡಿ.
ಉಜ್ಜಿದ, ಗ್ರೀಸು ಸವರಿದ, ಮೀಟರು ಹಚ್ಚಿದ.
ಎಲ್ಲ ಆರಿಸಿದ ಮೇಲೂ ಮುಳ್ಳು ಸೊನ್ನೆಗೆ ಬಾರದು.
"ಎಲ್ಲೋ ಸೋರ್ತದೆ" ಎಂದ,
ಕೊಡದ ತಳ ತಡವುವವನಂತೆ.
ಫ್ಯೂಸು ಒಂದೊಂದೇ ಕಿತ್ತ. ಹಾರನ್ನಿನದು, ಅಲ್ಲ.
ವೈಪರಿನದು, ಅಲ್ಲ. ನಾವೇ ಕೂರಿಸಿದ ಫ್ಯಾನಿನದು,
ನನ್ನ ಎದೆ ಹೊಡೆದುಕೊಂಡಿತು, ಅಲ್ಲ.
ಏಳನೆಯದು ಕಿತ್ತಾಗ ಮುಳ್ಳು ಮಲಗಿತು.

ಡ್ಯಾಶ್‌ಬೋರ್ಡಿನ ಡಬ್ಬಿಯ ದೀಪ.
ನಸುಕಿನ ಬಂದರಿನಲ್ಲಿ ಚೀಟಿ ಓದಲಿಕ್ಕೆಂದು
ತಾಂಡೇಲ ತಾನೇ ಹಾಕಿಸಿದ ಹುಣಸೆಬೀಜದಷ್ಟು ಬಲ್ಬು.
ಮುಚ್ಚಿದರೆ ಆರಬೇಕು.
ಆರಿತೋ ಇಲ್ಲವೋ, ಮುಚ್ಚಿದ ಮೇಲೆ ಕಂಡವರಾರು?

ಮಂದಾಕಿನಿ ಮೊಬೈಲಿನ ವಿಡಿಯೋ ಚಾಲೂ ಮಾಡಿ
ಒಳಗಿಟ್ಟು ಮುಚ್ಚಿದಳು.
ಹತ್ತು ಎಣಿಸಿ, ತೆಗೆದು, ಮೂವರೂ ಬಗ್ಗಿ ನೋಡಿದೆವು:
ಬೆಳಕೇ ಬೆಳಕು.
ಬಂಗುಡೆ ಲೆಕ್ಕದ ಹಳದಿ ಚೀಟಿ, ಅರ್ಧ ಕಟ್ಟು ಬೀಡಿ,
ಮಗುವಿನದೊಂದು ಬಳೆ.
ಗೋಡೆಯಾಚೆಯ ಮಾತಿನ ಹಾಗೆ ನಮ್ಮ ದನಿ,
ಇನಾಸನ ಎಣಿಕೆ, ಏಕ್, ದೋನ್, ತೀನ್,
ನಡುವೆ ನಾನು ಕೇಳುತ್ತಿದ್ದೇನೆ:
"ಅಣಶಿ ಘಾಟಿ ಹತ್ತೀತಾ ಇದು?"
ಅಷ್ಟು ಹೆದರಿದ್ದೆನೆಂದು ನನಗೇ ಗೊತ್ತಿರಲಿಲ್ಲ.

ಬಲ್ಬು ಕಿತ್ತು ನನ್ನ ಅಂಗೈ ಮೇಲಿಟ್ಟ. ಬಿಸಿಯಿತ್ತು.
ಗ್ರೀಸಿನದು ಮೂವತ್ತು ರೂಪಾಯಿ, ಅಷ್ಟೇ ತೆಗೆದುಕೊಂಡ.
ಬಳೆ ಕೊಡಲು ಬೈತಖೋಲಕ್ಕೆ ಹೋದೆ.
ತಾಂಡೇಲ ನೋಡದೆ, ಮುಷ್ಟಿ ಬಿಚ್ಚದೆ
ಜೇಬಿಗೆ ಹಾಕಿಕೊಂಡ.
"ಬ್ರೇಕು ಚಲೋ ಮಾಡಿಸಿ ಅಕ್ಕಾ" ಎಂದ. ನಾನೂ ಹೂಂ ಎಂದೆ.

ಅಣಶಿ ಹತ್ತಿತು. ಎರಡನೇ ಗೇರಿನಲ್ಲಿ ನರಳುತ್ತ,
ಒಮ್ಮೆ ನೀರು ಕುದಿದು, ಅರ್ಧ ತಾಸು ಬಾನೆಟ್ಟು ತೆರೆದು ನಿಂತು.
ರಾತ್ರಿ ಅಡ್ಡಮಳೆ.
ನೀಲಿ ಪರದೆಯ ಮೇಲೆ, ಪಟ್ಟಿ ಇಟ್ಟ ಕಡೆಯಿಂದಲೇ, ಹನಿ.
"ಸೋರ್ತದೆ" ಎಂದು ಕಾಲು ಮಡಚಿದಳು ಮಂದಾಕಿನಿ.
ಸೂಜಿಗೆ ದೀಪ ಹಿಡಿ ಎಂದೆ.